ಬ್ಯಾಟರಿಗೆ ವಾರ್ನಿಷ್

ಬೆಳಗಿನ ಚಹಾ ಕುಡಿದು ಮಾವ ಲೋಟವನ್ನು ಬೋರಲು ಹಾಕಿದರು. ಲೋಟ ಬೋರಲಾಯಿತೆಂದರೆ ಇನ್ನೊಂದು ಗುಟುಕು ಬೇಡ, ಕೆಲಸ ಇದೆ ಎಂದರ್ಥ. ಮೇಜಿನ ಆ ತುದಿಯಲ್ಲಿ ಕೂತು ಗುಲಾಬಿ ಕಡ್ಡಿಗಳನ್ನು ಕಸಿಗೆಂದು ಓರೆಯಾಗಿ ಕೊಯ್ಯುತ್ತಿದ್ದ ಸೊಸೆ ತಲೆ ಎತ್ತಿದಳು.

“ಇವತ್ತು ಮೋಟನ್ನ ಎಬ್ಬಿಸ್ತೀನಿ ಕಣಮ್ಮ. ಮಲಗಿದ್ದು ಸಾಕು. ಅವನಿಗೂ ಸಾಕು, ನನಗೂ ಸಾಕು.”

ಅವಳ ಕೈಯಲ್ಲಿದ್ದ ಕಡ್ಡಿ ಬೇಕಾದದ್ದಕ್ಕಿಂತ ಗಿಡ್ಡವಾಗಿ ತುಂಡಾಯಿತು.

ಮೋಟ ಎಂದರೆ ಮನೆಯ ತೋಟದ ಟ್ರಾಕ್ಟರು. ಹೊಲ ಉಳುವ ದೊಡ್ಡ ಟ್ರಾಕ್ಟರಿನ ಪಕ್ಕದಲ್ಲಿ ನಿಲ್ಲಿಸಿದರೆ ಅದರ ಮರಿಯೇನೋ ಅನ್ನಿಸಬೇಕು, ಅಷ್ಟೇ ಗಾತ್ರ. ಆದರೆ ವಯಸ್ಸಿನಲ್ಲಿ ಅದು ಅವಳ ಗಂಡನಿಗಿಂತ ಹಿರಿಯ. ಅದನ್ನು ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿತ್ತು. ಕಾರ್ಖಾನೆಯಲ್ಲಿ ಜೀವಮಾನವಿಡೀ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದ ಮಾವ, ನಿವೃತ್ತಿಯಾದ ಮೇಲೆ ಊಟ ಸೇರದೆ, ಗೋಡೆ ನೋಡಿಕೊಂಡು ಕೂತುಬಿಟ್ಟಿದ್ದರು. ಆಗ ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಇದು ಕಣ್ಣಿಗೆ ಬಿತ್ತು. ಸಿಗದ ಭಾಗಗಳನ್ನೆಲ್ಲ ಮನೆಯಲ್ಲೇ ಒಂದು ಹಳೆಯ ಲೇತ್ ಹಾಕಿಕೊಂಡು ತಾವೇ ಕಡೆದು ಕೂರಿಸಿದರು. ಅದು ಗುಡುಗುಟ್ಟಿದ ದಿನದಿಂದ ಇವರು ಮತ್ತೆ ಸಿಳ್ಳೆ ಹಾಕತೊಡಗಿದರು. ಮನೆಯ ಹಿಂದಿನ ಸಸಿ ತೋಟದಲ್ಲಿ ಗೊಬ್ಬರ, ಮಣ್ಣು, ಕುಂಡ ಏನೇ ಸಾಗಬೇಕಿದ್ದರೂ ಮೋಟನೇ ಎಳೆಯಬೇಕು, ಮಾವನೇ ಓಡಿಸಬೇಕು. ಅದು ಮಾತಿಲ್ಲದೆ ಆದ ಒಪ್ಪಂದ.

ಆ ಒಪ್ಪಂದಕ್ಕೆ ಪೆಟ್ಟು ಬಿದ್ದದ್ದು ಹೋದ ತಿಂಗಳು. ತೋಟದ ಕೆಳತುದಿಯಲ್ಲಿ ಕೊಳವಿದೆ. ಅಲ್ಲಿಗೆ ಇಳಿಜಾರು. ಇಳಿಯುತ್ತಾ ಇಳಿಯುತ್ತಾ ಟ್ರಾಕ್ಟರು ದಾರಿ ಬಿಟ್ಟು, ಗೊಬ್ಬರದ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಗುಡ್ಡೆಯ ಆಚೆ ನೀರು. ಮಾವ ಸೀಟಿನ ಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. “ನಿದ್ದೆ ಬಂತು,” ಎಂದರು ಆಮೇಲೆ. ಡಾಕ್ಟರು, “ಸ್ವಲ್ಪ ದಿನ ಗಾಡಿ ಗೀಡಿ ಬೇಡ,” ಎಂದರು. ಆ ಸ್ವಲ್ಪ ದಿನವನ್ನು ಮಾವ ತಮ್ಮ ಗಜಕಡ್ಡಿಯಲ್ಲೇ ಅಳೆದುಕೊಂಡರು. ಇನ್ನು ನೀವು ಅದನ್ನು ಓಡಿಸಬೇಡಿ ಎಂದು ಮುಖಕ್ಕೆ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮತ್ತೆ ಆ ಮನುಷ್ಯ ಗೋಡೆ ನೋಡಿಕೊಂಡು ಕೂತರೆ?

ಹಾಗಾಗಿ ಸೊಸೆ, ಹಾವೂ ಸಾಯದ ಕೋಲೂ ಮುರಿಯದ ಒಂದು ಕೆಲಸ ಮಾಡಿದ್ದಳು. ಮಾವ ಮಲಗಿದ್ದ ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿ, ಟ್ರಾಕ್ಟರಿನ ಅಡಿಯಲ್ಲಿ ಪೆಟ್ರೋಲು ಹರಿಯುವ ರಬ್ಬರ್ ಕೊಳವೆಯನ್ನು ಮಡಿಸಿ, ಕಸಿಗೆ ಸುತ್ತುವ ಪಟ್ಟಿಯಿಂದ ಬಿಗಿದು ಕಟ್ಟಿ ಬಂದಿದ್ದಳು. ಗಂಡನಿಗೂ ಹೇಳಿರಲಿಲ್ಲ. ಮೋಟ ಹತ್ತದಿದ್ದರೆ ಮಾವ ಹತ್ತುವುದಿಲ್ಲ, ಅಷ್ಟೇ ಅವಳ ಲೆಕ್ಕ.

ಈಗ ಮಾವ ಉಪಕರಣದ ಪೆಟ್ಟಿಗೆ ಎತ್ತಿಕೊಂಡರು. “ಬಾರಮ್ಮ, ಸ್ಪ್ಯಾನರ್ ಕೊಡೋಕೆ ಒಂದು ಕೈ ಬೇಕು.”

ಕಳ್ಳನನ್ನೇ ಕಾವಲಿಗೆ ಕರೆದ ಹಾಗಾಯಿತು.

ಶೆಡ್ಡಿನ ಒಂದು ಗೋಡೆ ಸಸಿಮನೆಗೆ ಅಂಟಿಕೊಂಡಿತ್ತು. ಅಲ್ಲಿ ಎಳೆಯ ಗಿಡಗಳಿಗೆ ತುಂತುರು ಹಾರಿಸುವುದರಿಂದ ಒಳಗೆ ಸದಾ ತಂಪು, ಸದಾ ಮಣ್ಣಿನ ವಾಸನೆ. ಮೋಟ ಮೂಲೆಯಲ್ಲಿ ಹಳೆಯ ಹೊದಿಕೆ ಹೊದ್ದು ನಿಂತಿತ್ತು. ಮಾವ ಹೊದಿಕೆ ಎಳೆದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಕೀಲಿ ತಿರುಗಿಸಿದರು.

ಏನೂ ಇಲ್ಲ. ಟ್ರಾಕ್ಟರು ತುಟಿ ಪಿಟಕ್ಕೆನ್ನಲಿಲ್ಲ.

ಸೊಸೆಗೆ ಆಶ್ಚರ್ಯವಾಯಿತು. ಅವಳು ಕಟ್ಟಿದ್ದು ಪೆಟ್ರೋಲಿನ ಕೊಳವೆ. ಅದಕ್ಕೆ ಎಂಜಿನ್ ಹೊತ್ತಿಕೊಳ್ಳದಿರಬಹುದು, ಆದರೆ ಗರಗರ ಅಂತ ತಿರುಗಲೇಬೇಕು. ಇದು ನಿಜವಾಗಿಯೂ ಕೆಟ್ಟಿದೆ! ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

“ಮೊದಲು ನೋಡು, ಆಮೇಲೆ ಮೂಸು, ಕೊನೆಗೆ ಮುಟ್ಟು,” ಎಂದರು ಮಾವ. ಇದು ಅವರು ಮನೆಯವರಿಗೆಲ್ಲ ಕಲಿಸಿದ ಪಾಠ. ಮಗ ಉಳಿ ಹಿಡಿಯುವುದನ್ನು, ಅತ್ತೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದನ್ನು, ಸೊಸೆ ಕಸಿ ಚಾಕು ಮಸೆಯುವುದನ್ನು ಅವರಿಂದಲೇ ಕಲಿತದ್ದು. “ಯಂತ್ರ ಸುಳ್ಳು ಹೇಳಲ್ಲ. ನಮಗೆ ಕೇಳೋ ತಾಳ್ಮೆ ಇರಲ್ಲ, ಅಷ್ಟೇ.”

ಸೀಟು ಎತ್ತಿದರೆ ಅಡಿಯಲ್ಲಿ ಬ್ಯಾಟರಿ. ಮಾವ ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ತಂತಿಯ ಹಿಡಿಕೆ ಬಿಚ್ಚಿ, ಬ್ಯಾಟರಿಯ ಸೀಸದ ಗೂಟವನ್ನು ಉಗುರಿನಿಂದ ಕೆರೆದರು. ಬೆರಳು ಮೂಸಿದರು.

“ಹೊಳೀತಾ ಇದೆ ನೋಡು. ಸೀಸ ಎಲ್ಲಾದ್ರೂ ಹೀಗೆ ಹೊಳೆಯುತ್ತಾ?”

“ಒರೆಸಿಟ್ಟಿರಬೇಕು ಮಾವ.”

“ಒರೆಸಿದ್ದಲ್ಲ. ವಾರ್ನಿಷ್! ಬ್ಯಾಟರಿಗೆ ಯಾರೋ ವಾರ್ನಿಷ್ ಹೊಡೆದಿದ್ದಾರೆ. ಗೂಟಕ್ಕೂ ಹೊಡೆದಿದ್ದಾರೆ, ಹಿಡಿಕೆ ಒಳಗೂ ಹೊಡೆದಿದ್ದಾರೆ. ಕರೆಂಟು ಎಲ್ಲಿಂದ ದಾಟಬೇಕು?” ಅವರು ಇನ್ನೊಂದು ಗೂಟವನ್ನೂ ಕೆರೆದರು. “ಒಂದೇ ಕೋಟಲ್ಲ ಕಣಮ್ಮ. ಒಂದು ಬಳಿದು, ಒಣಗಿಸಿ, ಉಜ್ಜುಕಾಗದ ಆಡಿಸಿ ಮತ್ತೆ ಬಳಿದಿದ್ದಾನೆ. ಒಂದು ಗುಳ್ಳೆ ಇಲ್ಲ, ಒಂದು ಗೆರೆ ಇಲ್ಲ. ಕೆಲಸ ಮಾತ್ರ ಅಚ್ಚುಕಟ್ಟು.”

ಈ ಮನೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ವಾರ್ನಿಷ್ ಹಚ್ಚುವವನು ಒಬ್ಬನೇ. ಬೀದಿ ಬದಿಯ ಕೋಣೆಯಲ್ಲಿ ಕುರ್ಚಿ ಮೇಜು ಮಾಡಿ ಮಾರುವ ಅವಳ ಗಂಡ. ಒಂದೇ ದಿಂಬಿನ ಎರಡು ತುದಿಗೆ ತಲೆಯಿಟ್ಟು ಮಲಗುವ ಮನುಷ್ಯ ಇದರ ಬಗ್ಗೆ ಉಸಿರೆತ್ತಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ಮರುಕ್ಷಣವೇ, ತಾನೂ ಉಸಿರೆತ್ತಿಲ್ಲ ಎಂಬುದು ನೆನಪಾಗಿ ಸಿಟ್ಟು ಇಳಿಯಿತು.

“ಕರೀಲಾ ಅವರನ್ನ?”

“ಬೇಡ. ಮೊದಲು ಕೆಲಸ ಮುಗೀಲಿ.” ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಳ್ಳೆಯೂ ಇರಲಿಲ್ಲ. ಸುಮ್ಮನೆ ಕೂತು ವಾರ್ನಿಷ್ ಕೆರೆದರು, ಹಿಡಿಕೆಯ ಒಳಗನ್ನೂ ತಿಕ್ಕಿದರು, ತಂತಿ ಬಿಗಿದರು.

ಈ ಸಲ ಕೀಲಿ ತಿರುಗಿಸಿದಾಗ ಮೋಟ ಗರ್ ಗರ್ ಗರ್ ಎಂದಿತು. ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಆ ಸದ್ದಿಗೆ ಹಿತ್ತಿಲ ಬಾಗಿಲು ಧಡಾರನೆ ತೆರೆದು ಅತ್ತೆ ಬಂದರು. ಕುತ್ತಿಗೆಗೆ ಅಳತೆಪಟ್ಟಿ, ತುಟಿಯ ನಡುವೆ ಗುಂಡುಸೂಜಿ. ಬಟ್ಟೆ ಹೊಲಿಯುತ್ತಿದ್ದವರು ಹಾಗೇ ಎದ್ದು ಬಂದಿದ್ದರು.

“ಏನ್ರೀ ಅದು, ಕೂಗ್ತಾ ಇದೆ?”

“ಅದರ ಕೆಲಸವೇ ಕೂಗೋದು. ನೀನ್ಯಾಕೆ ಹೀಗೆ ಬೆವರ್ತಾ ಇದ್ದೀಯ?”

“ಬಿಸಿಲು.”

“ಶೆಡ್ಡಲ್ಲಿ ಬಿಸಿಲು!” ಎಂದು ಮಾವ ಎಂಜಿನ್ನಿನ ಪಕ್ಕದ ದುಂಡು ಡಬ್ಬಿಯ ತಿರುಪು ಬಿಚ್ಚಿದರು. ಎಂಜಿನ್ ಗಾಳಿ ಎಳೆದುಕೊಳ್ಳುವುದು ಆ ಡಬ್ಬಿಯ ಮೂಲಕ. ಅದರ ಒಳಗಿನ ಗಂಟಲಲ್ಲಿ ಪೆಟ್ರೋಲು ಬರುತ್ತಿದೆಯೋ ಇಲ್ಲವೋ ನೋಡುವುದು ಅವರ ಉದ್ದೇಶ. ಗಂಟಲು ಕಾಣಲಿಲ್ಲ. ಅಲ್ಲಿ ಹೂವಿನ ಚಿತ್ರದ ಒಂದು ಪುಟ್ಟ ಮೆತ್ತೆ ಬಿರಡೆಯ ಹಾಗೆ ಕೂತಿತ್ತು.

ಮಾವ ಅದನ್ನು ಎಳೆದು ಅಂಗೈಯಲ್ಲಿಟ್ಟುಕೊಂಡರು. ಹತ್ತಿ ತುಂಬಿದ ದುಂಡನೆಯ ಮೆತ್ತೆ. ಸುತ್ತಲೂ ಅಂಚು ಮಡಿಸಿ ಹೊಲಿದಿತ್ತು.

“ಇದೇನೇ?”

“ನನ್ನನ್ನ ಕೇಳಿದ್ರೆ? ಇಲಿ ಗಿಲಿ ಗೂಡು ಕಟ್ಟಿರಬೇಕು.”

“ಇಲಿ ಅಂಚು ಹೊಲಿಯುತ್ತೇನೇ? ಅದೂ ಇಷ್ಟು ಸಣ್ಣ ಹೊಲಿಗೆ? ಈ ಕಡೆ ಒಂದು ಲಾಡಿ ಬೇರೆ ಇಟ್ಟಿದೆ ನಿನ್ನ ಇಲಿ.”

“ಎಳೆದು ತೆಗೆಯೋಕೆ ಸುಲಭ ಆಗ್ಲಿ ಅಂತ…” ಎಂದ ಅತ್ತೆ ನಾಲಗೆ ಕಚ್ಚಿಕೊಂಡರು. ಗುಂಡುಸೂಜಿ ನೆಲಕ್ಕೆ ಬಿತ್ತು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಗೊತ್ತಾದೊಡನೆ ಅವರು ಒಂದು ಕುಂಡ ಬೋರಲು ಹಾಕಿ ಅದರ ಮೇಲೆ ಗಟ್ಟಿಯಾಗಿ ಕೂತರು. “ಹೌದು, ನಾನೇ. ಏನೀಗ?”

ಅಷ್ಟರಲ್ಲಿ, ಏನು ಗದ್ದಲ ಎಂದು ಕೇಳಿಕೊಂಡು ಮಗನೂ ಬಂದ. ಹುಬ್ಬಿನ ಮೇಲೆಲ್ಲ ಮರದ ಪುಡಿ.

“ಬಾರಪ್ಪ, ವಾರ್ನಿಷ್ ಸಾಹುಕಾರ,” ಎಂದರು ಮಾವ.

ಅವನು ಅಪ್ಪನನ್ನು ನೋಡಿದ, ಎತ್ತಿಟ್ಟ ಸೀಟನ್ನು ನೋಡಿದ, ಅಮ್ಮನನ್ನೂ ಅಪ್ಪನ ಕೈಯಲ್ಲಿದ್ದ ಮೆತ್ತೆಯನ್ನೂ ನೋಡಿದ. “ಅಮ್ಮಾ, ನೀನೂನಾ?”

“ಮತ್ತೆ? ನೀನೇನಾದ್ರೂ ಮಾಡ್ತೀಯ ಅಂತ ಕಾದೆ ಕಾದೆ, ನೀನು ಕುರ್ಚಿ ಕಾಲು ಉಜ್ಜಿಕೊಂಡೇ ಕೂತೆ.”

“ನಾನು ಅಪ್ಪ ಡಾಕ್ಟರ ಹತ್ತಿರ ಹೋಗಿದ್ದ ಮಂಗಳವಾರವೇ ಮಾಡಿದ್ದೆ!”

“ಹೇಳ್ಬಾರ್ದಿತ್ತಾ? ಒಳ್ಳೆ ಹತ್ತಿ ದಂಡ ಆಯ್ತು.”

ಬೇರೆ ಹೊತ್ತಿನಲ್ಲಾಗಿದ್ದರೆ ಸೊಸೆಗೆ ನಗು ತಡೆಯಲು ಆಗುತ್ತಿರಲಿಲ್ಲ. ಈಗ ಅವಳು ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ಜೋಡಿಸುವುದರಲ್ಲಿ ಮುಳುಗಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದಲ್ಲ, ಅದಕ್ಕೆ ಕೈಗೆ ಕೆಲಸ ಕೊಟ್ಟಿದ್ದಳು.

“ಒಬ್ಬ ವಾರ್ನಿಷ್ ಬಳಿದ, ಒಬ್ಬಳು ಬಾಯಿಗೆ ಬಟ್ಟೆ ತುರುಕಿದಳು,” ಎಂದರು ಮಾವ. “ಈ ಮನೇಲಿ ನೇರ ಅಂತ ಇರೋದು ಇವಳೊಬ್ಬಳೇ ನೋಡಿ. ಬೆಳಗಿಂದ ಪಕ್ಕದಲ್ಲಿ ನಿಂತು ಒಂದೊಂದೇ ಸಾಮಾನು ಎತ್ತಿ ಕೊಡ್ತಿದ್ದಾಳೆ.”

ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಹೊಗಳಿಕೆಗೆ, ಜೋಡಿಸಿಟ್ಟ ಸ್ಪ್ಯಾನರುಗಳನ್ನೇ ಕಲಸಿ ಮತ್ತೆ ಜೋಡಿಸತೊಡಗಿದಳು.

ಮಾವ ಎಂಜಿನ್ನಿನ ಗಂಟಲಿಗೆ ಬೆರಳು ಹಾಕಿ ತೆಗೆದರು. ಮೂಸಿದರು. ಬೆರಳು ಒಣಗಿತ್ತು. “ಪೆಟ್ರೋಲೇ ಬರ್ತಾ ಇಲ್ಲ. ಟ್ಯಾಂಕಲ್ಲಿ ಇದೆ, ಇಲ್ಲಿ ಇಲ್ಲ. ಅಂದ್ರೆ ನಡುದಾರೀಲಿ ಎಲ್ಲೋ ನಿಂತಿದೆ. ನನ್ನ ಮಂಡಿ ಬಗ್ಗಲ್ಲ. ನಿನ್ನ ಕಣ್ಣು ಚುರುಕು ಕಣಮ್ಮ. ಅಡಿಗೆ ಹೋಗಿ, ಆ ಕೊಳವೆ ಹಿಡ್ಕೊಂಡು ಟ್ಯಾಂಕಿನ ತನಕ ನೋಡ್ಕೊಂಡು ಬಾ.”

ಅವಳು ಗೋಣಿಚೀಲ ಹಾಸಿ, ಅಂಗಾತ ಮಲಗಿ, ಟ್ರಾಕ್ಟರಿನ ಅಡಿಗೆ ಜಾರಿದಳು. ಕೊಳವೆಯನ್ನು ಹುಡುಕಬೇಕಾಗಿರಲಿಲ್ಲ. ಬೆರಳು ತಾನಾಗಿಯೇ ಆ ಗಂಟಿನ ಹತ್ತಿರ ಹೋಯಿತು. ಎರಡು ಸುತ್ತು, ಒಂದು ಒಳಮಡಿಕೆ, ತುದಿ ಒಳಗೆ. ಕಸಿ ಕಟ್ಟುವಾಗ ಕಟ್ಟುವ ಗಂಟೇ. ಉಗುರಿನಲ್ಲಿ ಒಂದು ಸಲ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಪಟ್ಟಿಯನ್ನು ಕುಪ್ಪಸದ ತೋಳಿನೊಳಗೆ ಸಿಕ್ಕಿಸಿಕೊಂಡು, “ಏನೂ ಇಲ್ಲ ಮಾವ, ಸ್ವಲ್ಪ ಕಸ ಇತ್ತು,” ಅಂದರೆ ಮುಗಿಯಿತು. ಮನೆಯಲ್ಲಿ ನೇರವಾಗಿರುವವಳು ಅವಳೊಬ್ಬಳೇ ಆಗಿ ಉಳಿಯುತ್ತಿದ್ದಳು. ಟ್ರಾಕ್ಟರೂ ಹೊರಡುತ್ತಿತ್ತು.

ಹೊರಟ ಟ್ರಾಕ್ಟರು ಇಳಿಜಾರಿಗೇ ಹೋಗುತ್ತಿತ್ತು.

ಅಡಿಯಿಂದ ಕಾಣುತ್ತಿದ್ದದ್ದು ಮಾವನ ಬೂಟು ಮಾತ್ರ. ಮುಖವಿಲ್ಲದ ಆ ಬೂಟಿಗೆ ಹೇಳುವುದು ಅವಳಿಗೆ ಸಾಧ್ಯವೆನಿಸಿತು.

“ಇಲ್ಲಿ ಕಟ್ಟಿದೆ ಮಾವ. ಕಸಿ ಪಟ್ಟಿ. ನಾನೇ ಕಟ್ಟಿದ್ದು.”

ಬೂಟು ಅಲುಗಲಿಲ್ಲ.

“ನೀವು ಇದನ್ನ ಓಡಿಸಬಾರದು ಅಂತ ಕಟ್ಟಿದ್ದು,” ಎಂದಳು. ಶುರುಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. “ಇಳಿಜಾರಿಗಂತೂ ಓಡಿಸಲೇಬಾರದು. ನನಗೆ ಹೆದರಿಕೆ ಆಗುತ್ತೆ. ನೀವು ಶೆಡ್ಡಿನ ಕಡೆ ನೋಡಿದ್ರೆ ಸಾಕು, ನನ್ನ ಕೈಯಲ್ಲಿ ಚಾಕು ನಿಲ್ಲಲ್ಲ.”

ಅವಳು ಹೊರಗೆ ಜಾರಿ ಎದ್ದು ನಿಂತಾಗ ಬೆನ್ನೆಲ್ಲ ಮಣ್ಣು. ಗಂಡನೂ ಅತ್ತೆಯೂ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದರು. ಮಾವ ಟ್ರಾಕ್ಟರಿನ ಚಕ್ರಕ್ಕೆ ಒರಗಿ, ಕೈಯೊರೆಸುವ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸುತ್ತಿದ್ದರು.

“ಯಂತ್ರ ಸುಳ್ಳು ಹೇಳಲ್ಲ ಅಂತ ನಿಮಗೆಲ್ಲ ನಾನೇ ಕಲಿಸಿದೆ,” ಎಂದರು ಕೊನೆಗೆ. “ನೀವು ಅದರ ಬಾಯಲ್ಲೂ ಸುಳ್ಳು ಹೇಳಿಸಿಬಿಟ್ರಿ.”

“ಮುಖಕ್ಕೆ ಹೇಳಿದ್ರೆ ಕೇಳ್ತಿದ್ಯಾ ಅಪ್ಪ?” ಎಂದ ಮಗ.

“ಕೇಳ್ತಿರಲಿಲ್ಲ. ಜಗಳ ಆಡ್ತಿದ್ದೆ. ಮೂರು ಜನ ಒಂದು ಕಡೆ, ನಾನೊಬ್ಬ ಒಂದು ಕಡೆ, ಸೋಲ್ತಿದ್ದೆ. ಜಗಳ ಆಡಿ ಸೋಲೋ ಅವಕಾಶನಾದ್ರೂ ಕೊಡಬಾರದಿತ್ತಾ ನನಗೆ?”

ಗೋಡೆಯಾಚೆ ತುಂತುರು ಹಾರುವ ಸದ್ದು ಕೇಳುತ್ತಿತ್ತು.

“ಹಾಗಾದ್ರೆ ಈಗ ಆಡೋಣ,” ಎಂದಳು ಸೊಸೆ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. “ಅವತ್ತು ಗೊಬ್ಬರದ ಗುಡ್ಡೆ ಇಲ್ಲದೆ ಇದ್ದಿದ್ರೆ ಕೊಳಕ್ಕೆ ಹೋಗ್ತಿದ್ರಿ.”

“ತೂಕಡಿಕೆ ಅಂದೆನಲ್ಲ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ.”

“ತೂಕಡಿಕೆ ಆಗಿದ್ರೆ ಕೂಗಿದಾಗ ಏಳ್ತಿದ್ರಿ. ಮೇಲಿಂದಲೇ ಕೂಗಿಕೊಂಡು ಓಡಿ ಬಂದೆ. ಹತ್ತಿರ ಬಂದು ಕೂಗಿದೆ. ಭುಜ ಹಿಡಿದು ಅಲ್ಲಾಡಿಸಿದೆ. ನಿಮ್ಮ ಕಣ್ಣು ತೆರೆದೇ ಇತ್ತು ಮಾವ.”

ಬೆರಳು ಒರೆಸುತ್ತಿದ್ದ ಕೈ ನಿಂತಿತು. “ಕಣ್ಣು ತೆರೆದಿತ್ತಾ?”

“ಹೌದು.”

“ನೀನು ಅಲ್ಲಾಡಿಸಿದ್ಯಾ?”

“ಅಲ್ಲಾಡಿಸಿದೆ. ಆಮೇಲೆ ಎಷ್ಟೋ ಹೊತ್ತಿಗೆ ‘ಏನಮ್ಮ, ಊಟ ಆಯ್ತಾ’ ಅಂದ್ರಿ.”

ಮಾವ ಪಕ್ಕದ ಗೊಬ್ಬರದ ಚೀಲದ ಮೇಲೆ ಮೆಲ್ಲಗೆ ಕೂತರು. ಅವರ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ, ಇಷ್ಟು ಹೊತ್ತು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆನಲ್ಲ ಎಂಬ ಕೆಲಸಗಾರನ ಪೇಚಾಟ ಕಂಡಿತು. “ಇದನ್ನ ಇಷ್ಟು ದಿನ ಹೊಟ್ಟೇಲಿಟ್ಟುಕೊಂಡಿದ್ಯಾ? ನಾನು ಡಾಕ್ಟರ ಹತ್ತಿರ ಏನು ಹೇಳಿದ್ದೀನಿ ಗೊತ್ತಾ? ನಿದ್ದೆ ಬಂತು ಅಂದಿದ್ದೀನಿ. ಅವರು ಪಾಪ, ಬೇಗ ಮಲಗಿ ಅಂದ್ರು. ಲಕ್ಷಣ ಹೇಳದೆ ರಿಪೇರಿ ಮಾಡಿ ಅಂದ್ರೆ ಯಾವ ಮೆಕ್ಯಾನಿಕ್ಕು ಮಾಡ್ತಾನೆ?”

ಹೇಳಿದರೆ ಮಾವ ನೊಂದುಕೊಂಡಾರು ಎಂದು ಬಾಯಿ ಹೊಲಿದುಕೊಂಡಿದ್ದು ಅವರಿಗೇ ಮುಳುವಾಗಬಹುದಿತ್ತು ಎಂಬುದು ಈಗಷ್ಟೇ ಅವಳ ತಲೆಗೆ ಹತ್ತುತ್ತಿತ್ತು. “ತಪ್ಪಾಯ್ತು ಮಾವ. ನಾಳೆ ನಾನೂ ನಿಮ್ಮ ಜೊತೆ ಬರ್ತೀನಿ. ಕಂಡದ್ದನ್ನ ಕಂಡ ಹಾಗೆ ಡಾಕ್ಟರಿಗೆ ಹೇಳ್ತೀನಿ.”

“ಹೇಳು. ನನ್ನ ಎದುರಿಗೇ ಹೇಳು.”

“ಅಲ್ಲೀತನಕ ಸೀಟಿನ ಮೇಲೆ ಕೂರೋ ಹಾಗಿಲ್ಲ.”

ಮಾವ ಹೆಂಡತಿಯ ಕಡೆ ನೋಡಿದರು, ಮಗನ ಕಡೆ ನೋಡಿದರು. ಅಲ್ಲಿ ಯಾವ ಬೆಂಬಲವೂ ಸಿಗಲಿಲ್ಲ. “ಸರಿಯಪ್ಪ, ಸೋತೆ,” ಎಂದರು. “ಕೂರಲ್ಲ. ಆದರೆ ಇವನನ್ನ ಎಬ್ಬಿಸೋಕೆ ಅಡ್ಡಿ ಇಲ್ಲ ತಾನೇ? ಗಂಟು ಬಿಚ್ಚು ಹೋಗು.”

ಗಂಟು ಬಿಚ್ಚಿದ್ದಾಯಿತು. ಪೆಟ್ರೋಲು ಇಳಿಯುವುದನ್ನು ಕಾದದ್ದಾಯಿತು. ಕೀಲಿ ತಿರುಗಿಸಿದರೆ ಮೋಟ ಗರ್ ಗರ್ ಗರ್ ಎಂದು ಸುತ್ತಿ ಸುತ್ತಿ ಸುಮ್ಮನಾಯಿತು.

ಮಾವ ಮೂವರ ಮುಖವನ್ನೂ ಸಾಲಾಗಿ ನೋಡಿದರು. “ಇನ್ನೇನು ಮಾಡಿದ್ದೀರಿ? ಉಳಿದದ್ದೂ ಹೇಳಿಬಿಡಿ, ವೇಳೆ ಉಳಿಯುತ್ತೆ.”

“ನಂದು ಮೆತ್ತೆ ಒಂದೇ.”

“ಬರೀ ವಾರ್ನಿಷ್ ಅಪ್ಪ, ಆಣೆ.”

“ನನ್ನ ಗಂಟನ್ನ ನೀವೇ ಕಂಡ್ರಲ್ಲ ಮಾವ.”

ಮಾವನ ಕಣ್ಣಿನಲ್ಲಿ ಏನೋ ಹೊಳೆಯಿತು. ಬೆಳಗಿನಿಂದ ಮೊದಲ ಸಲ ಅವರು ತೋಳು ಮಡಿಸಿಕೊಂಡರು. “ಅಂದ್ರೆ ಇದು ನಿಮ್ಮ ಕೈವಾಡ ಅಲ್ಲ. ಇದು ಮೋಟನದ್ದೇ ಕಾಯಿಲೆ! ಬನ್ನಿ ಎಲ್ಲ ಈ ಕಡೆ.”

ಎಂಜಿನ್ನಿನ ತಲೆಯಲ್ಲಿದ್ದ ಸ್ಪಾರ್ಕ್ ಪ್ಲಗ್ ಬಿಚ್ಚಿ, ತಂತಿ ಸಿಕ್ಕಿಸಿ, ಪೆಟ್ರೋಲಿನ ಕೊಳವೆಯಿಂದ ದೂರಕ್ಕೆ ಲೋಹದ ಮೇಲೆ ಇಟ್ಟರು. ಪ್ಲಗ್ ಇದ್ದ ರಂಧ್ರಕ್ಕೆ ಬಟ್ಟೆ ಮುಚ್ಚಿದರು. ಮಗ ಕೀಲಿ ತಿರುಗಿಸಿದ. ಕಿಡಿ ಕಾಣಲೆಂದು ಅತ್ತೆ ತಮ್ಮ ಸೆರಗನ್ನು ಬೆಳಕಿಗೆ ಅಡ್ಡ ಹಿಡಿದರು. ನಾಲ್ಕು ತಲೆಗಳು ಒಂದಕ್ಕೊಂದು ತಾಗುವ ಹಾಗೆ ಬಗ್ಗಿದವು. ಕಿಡಿ ಕಾಣಲಿಲ್ಲ.

“ಪ್ಲಗ್ ಕೆಟ್ಟಿದೆ,” ಎಂದ ಮಗ.

“ಕಂಡ ತಕ್ಷಣ ತೀರ್ಪು ಕೊಡ್ಬೇಡ. ಕಿಡಿ ಹುಟ್ಟೋದು ಎಲ್ಲಿ, ಅಲ್ಲಿಗೆ ಹೋಗು.” ಎಂಜಿನ್ನಿನ ಪಕ್ಕೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಮುಚ್ಚಳವಿತ್ತು. ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ತುದಿಗಳು. ಅವು ಒಂದನ್ನೊಂದು ಮುಟ್ಟಿ ಬಿಟ್ಟಾಗಲೇ ಕಿಡಿ ಹಾರುವುದು. ಮಾವ ದೀಪ ಹಿಡಿಸಿ ತೋರಿಸಿದರು. ಎರಡರ ಮೇಲೂ ಬೂದಿಬಣ್ಣದ ತೆಳುವಾದ ಪೊರೆ. “ನೋಡಿ. ಸಸಿಮನೆ ತೇವ ಗೋಡೆ ದಾಟಿ ಬಂದಿದೆ. ಮುಟ್ಟಿದ ಹಾಗೆ ಕಾಣುತ್ತೆ, ಮುಟ್ಟಿಲ್ಲ. ದಿನಾ ಓಡಿಸಿದ್ರೆ ಇದು ಕಟ್ಟಿಕೊಳ್ತಿರಲಿಲ್ಲ. ನೀವು ನಿಲ್ಲಿಸಿದ್ರಿ, ಅದು ನಿಜವಾಗಲೂ ನಿಂತಿತು.”

ಅದನ್ನು ಅವರು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಅತ್ತೆ ಮುಖ ತಿರುಗಿಸಿಕೊಂಡು ಮೂಗು ಒರೆಸಿದರು.

ಒಂದು ದಪ್ಪ ಕಾಗದದ ತುಂಡನ್ನು ಆ ತುದಿಗಳ ನಡುವೆ ತೂರಿಸಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ತೆಗೆಯುವಷ್ಟು ಹುಷಾರಾಗಿ ಎಳೆಯಬೇಕಿತ್ತು. ಮಾವನ ಬೆರಳು ದಪ್ಪ, ಮಗನ ಕೈ ಭಾರ. “ಚಾಕು ಹಿಡಿಯೋ ಕೈ ಬರಲಿ,” ಎಂದರು. ಸೊಸೆ ಎಳೆದಳು. ಕಾಗದದ ಮೇಲೆ ಕಪ್ಪು ಗೆರೆ ಬಿತ್ತು. ಗೆರೆ ಬೀಳುವುದು ನಿಲ್ಲುವ ತನಕ ಎಳೆದಳು. ಮತ್ತೆ ನಾಲ್ಕು ತಲೆಗಳು ಬಗ್ಗಿದವು, ಸೆರಗಿನ ನೆರಳಿನಲ್ಲಿ ಚಟ್ ಎಂದು ನೀಲಿ ಕಿಡಿ ಹಾರಿತು. ಅತ್ತೆ ಕಿಟಾರನೆ ಕಿರುಚಿ, ಆಮೇಲೆ ತಾವೇ ನಕ್ಕರು.

ಪ್ಲಗ್ ಬಿಗಿದು ಕೀಲಿ ತಿರುಗಿಸಿದಾಗ ಮೋಟ ಒಮ್ಮೆ ಕೆಮ್ಮಿತು, ಒಮ್ಮೆ ಸೀನಿತು, ಆಮೇಲೆ ಶೆಡ್ಡಿನ ತಗಡೆಲ್ಲ ಅದುರುವ ಹಾಗೆ ಗುಡುಗುಡು ಎಂದು ಹೊತ್ತಿಕೊಂಡಿತು. ಸೀಟು ಖಾಲಿಯಿತ್ತು. ಮೂವರೂ ಅದನ್ನೇ ನೋಡಿದರು. ಮಾವ ಸೀಟಿನ ಮೇಲೆ ಕೈಯಿಟ್ಟರು. ಅಲ್ಲಿ ಬಿದ್ದಿದ್ದ ಮರದ ಪುಡಿಯನ್ನು ಒರೆಸಿ ಕೈ ತೆಗೆದರು.

ಮರುದಿನ ಸೊಸೆ ಡಾಕ್ಟರ ಎದುರು ಕೂತು, ತೆರೆದ ಕಣ್ಣು, ಕೇಳದ ಕೂಗು, ಊಟದ ಮಾತು, ಎಲ್ಲವನ್ನೂ ಹೇಳಿದಳು. ಮಾವ ಪಕ್ಕದಲ್ಲಿ ಕೂತು, ಬೇರೆ ಯಾರದೋ ಯಂತ್ರದ ಸುದ್ದಿ ಕೇಳುವವರ ಹಾಗೆ ತಲೆಯಾಡಿಸಿದರು. ಡಾಕ್ಟರು ಹಳೆಯ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು ನೋಡಿದರು, ಬೇರೆ ಪರೀಕ್ಷೆ ಬರೆದರು, ಒಂದು ಮಾತ್ರೆ ನಿಲ್ಲಿಸಿದರು, ಒಂದು ಬದಲಾಯಿಸಿದರು. ಗಾಡಿಯ ಮಾತೆತ್ತಿದಾಗ, “ನಾನು ಹೇಳೋವರೆಗೂ ಇಲ್ಲ,” ಎಂದರು. ಈ ಸಲ ಆ ಮಾತಿಗೆ ಸಾಕ್ಷಿಯಿತ್ತು.

ಮುಂದಿನ ವಾರಗಳಲ್ಲಿ ಮೋಟನನ್ನು ಮಗ ಓಡಿಸಿದ. ಮಾವ ಗೋಡೆ ನೋಡಿಕೊಂಡು ಕೂರುವರೇನೋ ಎಂದು ಸೊಸೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವರು ಕೂರಲಿಲ್ಲ. ಹಳೆಯ ಸೈಕಲ್ಲಿನ ಬ್ರೇಕ್ ಹಿಡಿಕೆ ಒಂದನ್ನು ಹುಡುಕಿ ತಂದು, ಲೇತಿನ ಮುಂದೆ ನಿಂತರು. ಆ ಹಿಡಿಕೆಯನ್ನು ಸ್ಟಿಯರಿಂಗಿಗೆ ಜೋಡಿಸಿ, ಸ್ಪ್ರಿಂಗು ಕೂರಿಸಿ, ಅಲ್ಲಿಂದ ಕಿಡಿಯ ತಂತಿಗೆ ಒಂದು ಸ್ವಿಚ್ಚು ಕೊಟ್ಟರು. ಕೆಲಸ ಮುಗಿದ ದಿನ ಮನೆಯವರನ್ನೆಲ್ಲ ಕರೆದು ನಿಲ್ಲಿಸಿದರು.

“ಇದನ್ನ ಹಿಡಿದಿದ್ರೆ ಕಿಡಿ ಇದೆ. ಕೈ ಸಡಿಲ ಆದ್ರೆ ಕಿಡಿ ಇಲ್ಲ, ಎಂಜಿನ್ ಸತ್ತು ನಿಲ್ಲುತ್ತೆ. ಸಮತಟ್ಟು ನೆಲದಲ್ಲಿ, ಒಂದನೇ ಗೇರಲ್ಲಿ, ಒಂದು ಹೆಜ್ಜೆಯೂ ಮುಂದೆ ಹೋಗಲ್ಲ. ಓಡದ ಹಾಗೆ ಮಾಡೋದು ಅಂದ್ರೆ ಹೀಗೆ ಮಾಡಬೇಕು. ಎಲ್ಲರ ಕಣ್ಣೆದುರಿಗೆ.”

“ಇಳಿಜಾರು?” ಎಂದಳು ಸೊಸೆ.

“ಅದು ಅವನಿಗೆ,” ಎಂದು ಮಗನ ಕಡೆ ಗಲ್ಲ ತೋರಿಸಿದರು. ಹೇಳುವಾಗ ದನಿ ಸ್ವಲ್ಪ ಒರಟಾಯಿತು. ಆದರೂ ಹೇಳಿದರು.

ಡಾಕ್ಟರು ಪರೀಕ್ಷೆಗಳನ್ನು ನೋಡಿ, ಬೇಡವೆಂದರೂ ಮಾವ ಬಿಡದ್ದರಿಂದ ಸ್ವಿಚ್ಚಿನ ವಿವರಣೆಯನ್ನೂ ಕೇಳಿಸಿಕೊಂಡು, ಕೊನೆಗೆ ಒಪ್ಪಿದರು. ಸಮತಟ್ಟಿನಲ್ಲಿ ಮಾತ್ರ, ನಿಧಾನವಾಗಿ, ಯಾರಾದರೂ ನೋಡಿಕೊಂಡಿರುವಾಗ ಮಾತ್ರ.

ಹಾಗಾಗಿ ಈಗ ಬೆಳಗಿನ ಹೊತ್ತು ಸೊಸೆ ಸಸಿಮನೆಯಲ್ಲಿ ಕಸಿ ಕಟ್ಟುತ್ತಿರುವಾಗ ಆಚೆ ಮೋಟ ಗುಡುಗುಡು ಎನ್ನುತ್ತಾ ಸಾಲಿನಿಂದ ಸಾಲಿಗೆ ಹೋಗುತ್ತದೆ. ಥಟ್ಟನೆ ಸದ್ದು ನಿಲ್ಲುತ್ತದೆ. ಅವಳು ಚಾಕು ಕೆಳಗಿಟ್ಟು ಬಾಗಿಲಿಗೆ ಓಡುತ್ತಾಳೆ. ಸ್ವಿಚ್ಚು ಬಂದ ಮೇಲೆ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದಳು. ಹೋಗಿಲ್ಲ, ದಿನಕ್ಕೆ ಹತ್ತು ಸಲ ಬಂದು ಹತ್ತು ಸಲ ಹೋಗುತ್ತದೆ ಅಷ್ಟೇ. ಯಾಕೆಂದರೆ ಮಾವ ಕೈಯಾಡಿಸದೆ ಮಾತಾಡಲಾರರು. ದಾರಿಯಲ್ಲಿ ಅತ್ತೆ ಸಿಕ್ಕರೆ ಎರಡೂ ಕೈ ಎತ್ತಿಬಿಡುತ್ತಾರೆ, ಎಂಜಿನ್ ಸತ್ತು ನಿಲ್ಲುತ್ತದೆ, ಅದಕ್ಕೆ ಅತ್ತೆಯನ್ನೇ ಬೈಯುತ್ತಾರೆ.

ಇವತ್ತೂ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದಳು. ಕುಂಡಗಳ ಗಾಡಿ ಕಟ್ಟಿಕೊಂಡ ಮೋಟ ಮಲ್ಲಿಗೆ ಸಾಲಿನ ನಡುವೆ ನಿಂತಿತ್ತು. ಮಾವ ಅವಳು ಬರುವುದನ್ನೇ ಕಾಯುತ್ತಿದ್ದವರ ಹಾಗೆ ಕೈ ಎತ್ತಿ ಬೀಸಿದರು.

“ಇದ್ದೀನಿ ಕಣಮ್ಮ, ಇದ್ದೀನಿ! ಮೂಗು ತುರಿಸ್ತಿತ್ತು!”

ಅವಳು ಮೊದಲಾಗಿದ್ದರೆ ಸುಮ್ಮನೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು.

“ಮೂಗು ಆಮೇಲೆ ತುರಿಸ್ಕೊಳ್ಳಿ ಮಾವ,” ಎಂದು ಗಟ್ಟಿಯಾಗಿ ಕೂಗಿದಳು. “ಸಸಿ ಬಿಸಿಲಿಗೆ ಬಾಡ್ತಾ ಇದೆ!”